ರಾತ್ರಿಯೂಟ: ಹಿತ, ಮಿತ, ಪಾಲು

ರಾತ್ರಿ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದು ದೇಹದ ಪ್ರಶ್ನೆಯೋ ಧರ್ಮದ ಪ್ರಶ್ನೆಯೋ? ಭಾರತದ ಹಳೆಯ ಗ್ರಂಥಗಳು ಇವೆರಡನ್ನು ಬೇರೆ ಮಾಡಿಲ್ಲ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ಒದಗದು ಎನ್ನುತ್ತದೆ ಭಗವದ್ಗೀತೆಯ 6ನೇ ಅಧ್ಯಾಯ. ಆಯುಸ್ಸು, ಬಲ, ಆರೋಗ್ಯಗಳನ್ನು ಹೆಚ್ಚಿಸುವ ಆಹಾರವನ್ನೇ 17ನೇ ಅಧ್ಯಾಯ ಸಾತ್ತ್ವಿಕರಿಗೆ ಪ್ರಿಯವೆಂದು ಹೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯ ಅಳತೆಯನ್ನೂ ಕೊಡುತ್ತದೆ: ಹೊಟ್ಟೆಯ ಎರಡು ಪಾಲು ಗಟ್ಟಿ ಆಹಾರಕ್ಕೆ, ಒಂದು ಪಾಲು ಕುಡಿಯುವುದಕ್ಕೆ, ಉಳಿದೊಂದು ಪಾಲು ಖಾಲಿ. ಕತ್ತಲಾದ ಮೇಲೆ ಉಣ್ಣದೆ ಜೈನರು ಉಣ್ಣುವ ಹೊತ್ತನ್ನೇ ವ್ರತವಾಗಿಸಿದರು. ದೀಪಕ್ಕೆ ಮುತ್ತುವ ಹುಳುಹುಪ್ಪಟೆ ಅನ್ನಕ್ಕೆ ಬಿದ್ದು ಸಾಯಬಾರದೆಂಬ ಅಹಿಂಸೆಯೇ ಅದರ ಮೂಲ. ರಾತ್ರಿ ಹೊಟ್ಟೆ ಹಗುರಾಗುವುದು ಆಮೇಲಿನ ಲಾಭ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿ ನಿಂತಿದ್ದಾನೆ. ಆ ಸೀಮೆಗೆ ಈ ವ್ರತ ಹೊರಗಿನದಲ್ಲ.

ಅದೇ ತಾಲ್ಲೂಕಿನ ನಿಡಘಟ್ಟದ ಸುತ್ತಮುತ್ತ ರಾತ್ರಿಯೂಟವೆಂದರೆ ಮುದ್ದೆ, ಸಾರು. ಅಲ್ಲಿನ ಬಸ್ಸಾರು ಮಿತವ್ಯಯದ ಪಾಠದಂತಿದೆ. ಅಲಸಂದೆಯನ್ನೋ ಹೆಸರುಕಾಳನ್ನೋ ಸೊಪ್ಪಿನ ಜೊತೆ ಬೇಯಿಸಿ, ನೀರು ಬಸಿದು, ಆ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ ರುಬ್ಬಿ ಹಾಕಿದರೆ ಸಾರು; ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೆಂದ ನೀರಿಗಿಳಿದ ಸತ್ವ ಚರಂಡಿಯ ಪಾಲಾಗುವುದಿಲ್ಲ. ಉಪ್ಸಾರಿನಲ್ಲಿ ರುಬ್ಬಿದ ಖಾರ ಬೇರೆಯೇ ಇರುವುದರಿಂದ ಮಕ್ಕಳೂ ಮುದುಕರೂ ತಮಗೆ ಬೇಕಾದಷ್ಟೇ ಕಲಸಿಕೊಳ್ಳಬಹುದು. ಮಳೆಗಾಲದಲ್ಲಿ ಅಣ್ಣೆ, ಗಣಿಕೆ, ದಂಟು ಮುಂತಾದವು ಕೂಡಿದ ಬೆರಕೆ ಸೊಪ್ಪು. ಉಳಿದ ದಿನಗಳಲ್ಲಿ ಮೊಳಕೆ ಕಟ್ಟಿದ ಹುರುಳಿಕಾಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು 10 ಮಿಲಿಗ್ರಾಂ ಆಸುಪಾಸು. ಆದರೂ ರಾಗಿಯೆಂದ ಮಾತ್ರಕ್ಕೆ ಅಳತೆ ಬೇಡವೆಂದಲ್ಲ. ದಿನವಿಡೀ ಗುದ್ದಲಿ ಹಿಡಿದವನ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕೂತು ಬಂದವನಿಗೆ ಸಲ್ಲದು. ವಾಗ್ಭಟನ ಖಾಲಿ ಪಾಲು ಇಬ್ಬರಿಗೂ ಒಂದೇ.

ಹಿತ, ಮಿತಗಳಷ್ಟರಿಂದಲೇ ಊಟ ಧರ್ಮವಾಗುವುದಿಲ್ಲ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಅನ್ನವನ್ನು ಹಳಿಯಬಾರದು, ಹೆಚ್ಚಾಗಿ ಬೆಳೆಯಬೇಕು, ಮನೆಗೆ ಬಂದವರನ್ನು ಹಿಂದೆ ಕಳಿಸಬಾರದು ಎಂಬ ವ್ರತಗಳನ್ನು ಒಟ್ಟಿಗೇ ವಿಧಿಸುತ್ತದೆ. ಮೊದಲನೆಯ ವ್ರತ ಹೆಚ್ಚು ಮುರಿದದ್ದು ರಾಗಿಯ ವಿಷಯದಲ್ಲಿ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ನೆಲ್ಲಿಗೂ ರಾಗಿಗೂ ಯಾರು ಮೇಲೆಂಬ ಜಗಳ ಹತ್ತಿ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ನೆಲ್ಲು ಕಳೆಗುಂದುತ್ತದೆ, ರಾಗಿ ಉಳಿಯುತ್ತದೆ, ರಾಘವನ ಹೆಸರನ್ನೇ ಪಡೆಯುತ್ತದೆ. ಬಡವರ ತಟ್ಟೆಯನ್ನು ಕೀಳೆಂದು ಎಣಿಸಿದ ಸಮಾಜಕ್ಕೆ ಕನಕದಾಸರು ಕೊಟ್ಟ ಉತ್ತರವಿದು. ಒಬ್ಬರ ಊಟವನ್ನು ಹೀನವೆಂದು ನೋಡುವವರು ಅವರೊಡನೆ ಹಂಚಿ ಉಣ್ಣಲಾರರು.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯದ ಬಯಲು ಭತ್ತ, ಕಬ್ಬಿಗೆ ತಿರುಗಿತು. ಅದೇ ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿ, ಇಳುವರಿ ಹೆಚ್ಚಿಸಿದರು. ಅನ್ನವನ್ನು ಹೆಚ್ಚು ಬೆಳೆಯಬೇಕೆಂಬ ವ್ರತ ಇಲ್ಲಿ ಪ್ರಯೋಗದ ಗದ್ದೆಯಲ್ಲಿ ನಡೆದಿದೆ. 2023ರಲ್ಲಿ ಜಗತ್ತು ಸಿರಿಧಾನ್ಯ ವರ್ಷ ಆಚರಿಸಿತು. ಅದೇ ವರ್ಷ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಆ ಕಾಮಗಾರಿಯ ಎರಡು ಭಾಗಗಳು ಸೇರಿದ್ದು ನಿಡಘಟ್ಟದಲ್ಲೇ. ದಾರಿಯ ಊಟ ದಾರಿಹೋಕರಿಗೆ ಬೇಕು, ಮದ್ದೂರು ವಡೆಯೂ ಆ ಸೀಮೆಯ ಹೆಮ್ಮೆಯೇ. ಆದರೆ ಕರಿದದ್ದು ದಿನದ ರಾತ್ರಿಯೂಟವಾಗಬಾರದು.

ಪಾಲು ಎಂದರೆ ಬಡಿಸಿದ ಅನ್ನ ಮಾತ್ರವಲ್ಲ. ಬಳಗವನ್ನು ಕೂಗಿ ಕರೆದು ಉಣ್ಣುವ ಹಕ್ಕಿಗಳನ್ನು ಬಸವಣ್ಣನವರು ಭಕ್ತನಿಗೆ ಮಾದರಿಯಾಗಿ ತೋರಿಸಿದರು. ಶರಣರ ದಾಸೋಹದಲ್ಲಿ ಕೊಟ್ಟವನಿಗೆ ದೊಡ್ಡಸ್ತಿಕೆಯಿಲ್ಲ. ಪಕ್ಕದ ಮನೆಗೆ ಹೋಗುವ ಒಂದು ಬಟ್ಟಲು ಸಾರು, ಹೆಪ್ಪಿಗೆ ಕೊಡುವ ಮಜ್ಜಿಗೆ, ಯಾವ ಸೊಪ್ಪಿಗೆ ಯಾವ ಕಾಳು ಹೊಂದುತ್ತದೆಂದು ಸೊಸೆಗೋ ನೆರೆಯವಳಿಗೋ ಹೇಳಿಕೊಡುವ ಮಾತು, ಇವೂ ದಾಸೋಹವೇ. ಕೊಟ್ಟ ಅನ್ನ ಒಂದು ಹೊತ್ತಿನದು. ಕಲಿಸಿದ ಅಡುಗೆ ಒಂದು ಮನೆಯ ತಲೆಮಾರಿನದು.

ಈ ಪಾಲು ಹಲವು ಮನೆಗಳಲ್ಲಿ ಒಲೆಯ ಮುಂದೆಯೇ ತಪ್ಪುತ್ತದೆ. ಎಲ್ಲರಿಗೂ ಬಡಿಸಿದ ಹೆಂಗಸು ಕೊನೆಯಲ್ಲಿ ತಳದ ಸಾರಿಗೆ ಉಳಿದಷ್ಟು ಮುದ್ದೆ ಅದ್ದಿ ಉಣ್ಣುತ್ತಾಳೆ. ಕಾಳು, ಪಲ್ಯ ಅಷ್ಟರಲ್ಲಿ ಮುಗಿದಿರುತ್ತದೆ. ಅದನ್ನು ತ್ಯಾಗವೆಂದು ಹೊಗಳುವುದು ಸರಿಯಲ್ಲ, ಅದು ಅನ್ಯಾಯ. ಮುದ್ದೆ ಕಟ್ಟುವಾಗಲೇ ಅವಳ ತಟ್ಟೆಯನ್ನೂ ಸಾಲಿನಲ್ಲಿಡಿ, ಪಲ್ಯವನ್ನು ಮೊದಲು ಅದಕ್ಕೇ ಬಡಿಸಿ.