ಮಾತ್ರೆಯ ಮುನಿಸು

ದೀಪಾವಳಿ ಹತ್ತಿರವಾದಂತೆ ದೆಹಲಿಯ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಸ್ವೆಟರುಗಳ ರಾಶಿ ಬೀಳುತ್ತದೆ. ಅದೇ ಹೊತ್ತಿಗೆ ಮೆಡಿಕಲ್ ಶಾಪುಗಳ ಮುಂದೆ ಸೀನುವವರು, ಕೆಮ್ಮುವವರು, ಉಬ್ಬಸದವರು. ಕೂಳೆ ಸುಟ್ಟ ಹೊಗೆ, ವಾಹನಗಳ ಹೊಗೆ, ಹಳೆಯ ಸರ್ಕಾರಿ ಕ್ವಾರ್ಟರ್ಸ್ ಕೆಡವಿ ಬಹುಮಹಡಿ ಎಬ್ಬಿಸುವ ಧೂಳು ಎಲ್ಲ ಸೇರಿ ಗಂಟಲಲ್ಲಿ ಕೂರುವ ಕಾಲ ಅದು. ಹೆಸರಿನ ಕೊನೆಗೆ ‘ಎಲ್‌ಸಿ’ ಎಂಬ ಬಾಲ ಹೊತ್ತ ಮಾತ್ರೆಗೆ ಆಗ ಬೇಡಿಕೆ. ಡಾಕ್ಟರ ಚೀಟಿ ಬೇಕೆಂಬ ನಿಯಮವಿದ್ದರೂ, ಹೋದ ವರ್ಷ ಬರೆದುಕೊಟ್ಟದ್ದನ್ನೇ ಈ ವರ್ಷವೂ ಕೇಳಿ ತರುವ ಮನೆಗಳು ದೆಹಲಿಯಲ್ಲೂ ಇವೆ, ದಾವಣಗೆರೆಯಲ್ಲೂ ಇವೆ.

ಅದರೊಳಗಿರುವುದು ಲೆವೊಸೆಟಿರಿಜಿನ್ ಮತ್ತು ಮಾಂಟೆಲುಕಾಸ್ಟ್. ಮೊದಲನೆಯದು ತೂಕಡಿಕೆ ತರುತ್ತದೆಂದು ಎಲ್ಲರಿಗೂ ಗೊತ್ತು. ಎರಡನೆಯದು ಶ್ವಾಸನಾಳವನ್ನು ಊದಿಸುವ ಲ್ಯೂಕೋಟ್ರೈನ್ ಎಂಬ ದ್ರವ್ಯಕ್ಕೆ ತಡೆಯೊಡ್ಡುತ್ತದೆ. ಬಹುಮಂದಿಗೆ ಅದರಿಂದ ಉಪಕಾರವೇ. ಆದರೆ ಕೆಲವರಲ್ಲಿ ದುಃಸ್ವಪ್ನ, ನಿದ್ರಾಭಂಗ, ಸಿಡುಕು, ಖಿನ್ನತೆ, ಅಪರೂಪಕ್ಕೆ ಸಾಯಬೇಕೆಂಬ ಯೋಚನೆಯೂ ಕಾಣಿಸಿಕೊಂಡಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಈ ಔಷಧಕ್ಕೆ ತನ್ನ ಅತಿ ಕಟ್ಟುನಿಟ್ಟಿನ ಚೌಕಟ್ಟಿನ ಎಚ್ಚರಿಕೆ ಹಾಕಿತು. ಬರೀ ಅಲರ್ಜಿಯ ನೆಗಡಿಗಾದರೆ ಬೇರೆ ಔಷಧ ಒಗ್ಗದಿದ್ದಾಗ ಮಾತ್ರ ಇದು ಎಂದಿತು.

ಮೈಮೇಲೆ ದದ್ದು ಎದ್ದರೆ ಮಾತ್ರೆಯ ಮೇಲೆ ಅನುಮಾನ ಬರುತ್ತದೆ. ಹುಡುಗ ಸಿಡುಕಿದರೆ? ಮೊಬೈಲು ಕೆಡಿಸಿತು, ಸಹವಾಸ ಸರಿಯಿಲ್ಲ, ಪರೀಕ್ಷೆಯ ಹೆದರಿಕೆ ಎನ್ನುತ್ತೇವೆ. ಅಜ್ಜಿ ಮಂಕಾದರೆ ವಯಸ್ಸು ಎನ್ನುತ್ತೇವೆ. ಮನುಷ್ಯನ ಸ್ವಭಾವಕ್ಕೆ ತೀರ್ಪು ಕೊಡುವುದರಲ್ಲಿ ನಾವು ಗೃಹಸ್ಥರು ತುಸು ಚುರುಕೇ! ಎದೆಯ ಗೊರಗೊರ ಡಾಕ್ಟರ ಸ್ಟೆತಸ್ಕೋಪಿಗೆ ಸಿಗುತ್ತದೆ, ನಡುರಾತ್ರಿ ಬೆಚ್ಚಿ ಎದ್ದದ್ದು ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಬೈಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಯಾವತ್ತಿನಿಂದ? ಹೊಸ ಮಾತ್ರೆ ಶುರುವಾದ ತಾರೀಖನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಮಾಡಿಟ್ಟರೆ ಉತ್ತರ ಸುಲಭ. ಹೊಂದಿಕೆ ಕಂಡರೆ ತಡಮಾಡದೆ ಡಾಕ್ಟರಿಗೆ ತಿಳಿಸುವುದು; ಸಾವಿನ ಮಾತು ಬಾಯಿಗೆ ಬಂದಿದ್ದರೆ ಅವತ್ತೇ ಕರೆದುಕೊಂಡು ಹೋಗುವುದು. ಗಾಬರಿಯಲ್ಲಿ ಇನ್‌ಹೇಲರನ್ನೂ ಸೇರಿಸಿ ಎಲ್ಲವನ್ನೂ ನಿಲ್ಲಿಸಿಬಿಟ್ಟರೆ ಉಬ್ಬಸವೇ ಪ್ರಾಣಕ್ಕೆ ಬಂದೀತು.

ಇನ್ನೊಂದು ಕೆಲಸವೂ ಇದೆ, ಹೆಚ್ಚಿನವರು ಮಾಡುವುದಿಲ್ಲ. ಔಷಧಗಳ ಅಡ್ಡ ಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾದದ್ದು ಸರೋಜಿನಿ ನಗರಕ್ಕೆ ಹತ್ತಿರದ ಏಮ್ಸ್‌ನಲ್ಲಿ. ಮರುವರ್ಷ ಅದು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ ಹೋಯಿತು. ವೈದ್ಯರೇ ತಿಳಿಸಬೇಕೆಂದಿಲ್ಲ, ರೋಗಿಯೂ ಮನೆಯವರೂ ತಿಳಿಸಬಹುದು. ಪುರಾವೆ ಬೇಡ, ಅನುಮಾನ ಸಾಕು. ಎಷ್ಟೋ ಮನೆಗಳ ಇಂಥ ಬಿಡಿ ಅನುಮಾನಗಳು ಒಂದೆಡೆ ಕೂಡಿದ್ದರಿಂದಲೇ ಮಾಂಟೆಲುಕಾಸ್ಟ್‌ನ ಈ ಮುಖ ವೈದ್ಯಲೋಕಕ್ಕೆ ತಿಳಿದದ್ದು. ಉಚಿತ ಸಹಾಯವಾಣಿ 1800-180-3024. ಬರೆದು ಕಳಿಸುವುದಾದರೆ ಫಾರಂ ಕನ್ನಡದಲ್ಲೂ ಇದೆ.