ಊರಿನ ಲೆಕ್ಕ, ದೇವರ ಪಟ್ಟಿ

ಹೈದರಾಬಾದಿನ ಪಶ್ಚಿಮಕ್ಕೆ, ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಮೂಸಿ ಪೂರ್ವಕ್ಕೆ ಹರಿದು ಹೈದರಾಬಾದನ್ನು ಹಾಯುತ್ತದೆ. ಕಾಗಿಣಾ ಪಶ್ಚಿಮದ ದಾರಿ ಹಿಡಿದು ತಾಂಡೂರು ದಾಟಿ, ಸೇಡಂ ಸೀಮೆಗೆ ಇಳಿದು, ಮಳಖೇಡದ ಹಳೆಯ ಕೋಟೆಯ ಪಕ್ಕದಲ್ಲಿ ಸಾಗಿ ಭೀಮೆಯನ್ನು ಸೇರುತ್ತದೆ. ಎರಡೂ ಕೊನೆಗೆ ಕೃಷ್ಣೆಯ ಪಾಲೇ. ನೀರು ಬೇರೆ ಮಾಡಿದ್ದನ್ನು ರೈಲು ಕೂಡಿಸಿತು. 1874ರಲ್ಲಿ ನಿಜಾಮರ ರಾಜ್ಯದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಬಿದ್ದ ಹಳಿ ಇವತ್ತಿಗೂ ಅದೇ ಜಾಡಿನಲ್ಲಿದೆ: ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್, ಲಿಂಗಂಪಲ್ಲಿ, ಸನತ್‌ನಗರ.

ಸನತ್‌ನಗರ ಕಾರ್ಖಾನೆಗಳ ನೆರಳಲ್ಲಿ ಬೆಳೆದ ಬಡಾವಣೆ. 1942ರಲ್ಲಿ ಶುರುವಾದ ಆಲ್ವಿನ್ ಕಂಪನಿ ಇಲ್ಲಿ ಫ್ರಿಜ್ಜು ಮಾಡಿತು. ಕಾರ್ಮಿಕರಿಗಾಗಿ ಇಎಸ್‌ಐ ಆಸ್ಪತ್ರೆ ಬಂತು. ಸುತ್ತ ಬಾಲಾನಗರ, ಫತೇನಗರ, ಬೋರಬಂಡಗಳು ತುಂಬಿಕೊಂಡವು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹೀಗಾಗಿ ಸೇಡಂ, ಚಿಂಚೋಳಿ ಕಡೆಯವರಿಗೆ ದುಡಿಯಲು ಹೋಗುವ ದೊಡ್ಡ ಪಟ್ಟಣವೆಂದರೆ ಮೊದಲಿಗೆ ಹೈದರಾಬಾದೇ. ತೊಗರಿ ರಾಶಿ ಮುಗಿದು ಹೊಲ ಬರಿದಾದ ಮೇಲೆ ಗುಳೆ ಹೊರಡುವ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಈ ಗಾಡಿ ಹತ್ತುತ್ತವೆ. ಮೇಸ್ತ್ರಿ ಹೇಳಿದ ಕಡೆ ಇಳಿಯುತ್ತವೆ, ಕಟ್ಟುತ್ತಿರುವ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಲೆ ಹೂಡುತ್ತವೆ.

ಇಂಥ ಒಂದು ಸಂಸಾರ ಯಾವ ಊರಿನದು? ಕೇಳಿದರೆ ಅವರು ಸನತ್‌ನಗರ ಎನ್ನುವುದಿಲ್ಲ. ಹತ್ತು ವರ್ಷ ಇಲ್ಲೇ ಕಳೆದವರೂ ತಮ್ಮ ಹಳ್ಳಿಯ ಹೆಸರನ್ನೇ ಹೇಳುತ್ತಾರೆ. ಸರ್ಕಾರದ ಉತ್ತರ ಬೇರೆ. 2011ರ ಜನಗಣತಿ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಆ ಅವಧಿಯ ಉದ್ದಕ್ಕೂ ಊರಲ್ಲಿ ಇಲ್ಲದವರನ್ನು ಮನೆಯವರ ಜೊತೆ ಬರೆದುಕೊಳ್ಳುವಂತಿರಲಿಲ್ಲ. ಎಲ್ಲಿ ಸಿಕ್ಕರೋ ಅಲ್ಲಿಯ ಲೆಕ್ಕಕ್ಕೆ ಅವರು ಸೇರಿದರು. ಕಲಬುರಗಿಯ ಒಣಬೇಸಾಯದ ಹಳ್ಳಿಗಳಿಗೆ ಫೆಬ್ರವರಿಯೆಂದರೆ ಗುಳೆಯ ಕಾಲ, ಮನೆಗಳಿಗೆ ಬೀಗ ಬೀಳುವ ತಿಂಗಳು. ಒಂದು ಊರಿನ ಜನಸಂಖ್ಯೆಯೆಂದು ಹತ್ತು ವರ್ಷ ನಂಬುವ ಅಂಕಿ, ಆ ಊರು ತೀರಾ ಬರಿದಾಗಿದ್ದ ಹೊತ್ತಿನದಾಗಿರಬಹುದು. ಗಣತಿಯ ನಿಯಮ ತಪ್ಪೇನಲ್ಲ. ಎಲ್ಲಿ ಎಷ್ಟು ನೀರು, ಎಷ್ಟು ಅಕ್ಕಿ ಬೇಕೆಂದು ತಿಳಿಯಲು ಮನುಷ್ಯ ಇರುವ ಜಾಗವೇ ಮುಖ್ಯ. ಆದರೆ ಒಂದು ಊರಿನವರು ಯಾರು ಎಂಬ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ.

ಹಳ್ಳಿಗಳಲ್ಲಿ ಇನ್ನೊಂದು ಗಣತಿ ಇದೆ. ಜಾತ್ರೆಗೆ ಮುಂಚೆ ದೇವರ ಹೆಸರಲ್ಲಿ ಪಟ್ಟಿ ಎತ್ತುತ್ತಾರೆ. ಮನೆಗಿಷ್ಟು ಎಂದು ನಿಗದಿಯಾಗುತ್ತದೆ. ಬೀಗ ಬಿದ್ದ ಮನೆಯ ಹೆಸರನ್ನು ಯಾರೂ ಹೊಡೆದುಹಾಕುವುದಿಲ್ಲ. ಆ ಮನೆಯವರು ಹೈದರಾಬಾದಿನಲ್ಲಿರಲಿ, ಪುಣೆಯಲ್ಲಿರಲಿ, ಫೋನು ಹೋಗುತ್ತದೆ, ದುಡ್ಡು ಬರುತ್ತದೆ. ಈಗಂತೂ ಕಾಗದದ ಪಟ್ಟಿಗೆ ಫೋನ್‌ಪೇ ಜಮೆಯಾಗುತ್ತದೆ. ಉಚ್ಚಾಯಿ ತೇರು ಎಳೆಯುವ ದಿನ ಊರಿನ ಅಗಸಿಯಲ್ಲಿ ನಿಂತು ನೋಡಿದರೆ, ಸರ್ಕಾರಿ ಅಂಕಿಯಲ್ಲಿ ಇಲ್ಲದ ಜನವೆಲ್ಲ ಒಳಗೆ ಬರುವುದು ಕಾಣುತ್ತದೆ. ಇಲ್ಲಿ ಊರಿನವನೆಂದರೆ ಊರಿನ ಖರ್ಚಿನಲ್ಲಿ, ಕೆಲಸದಲ್ಲಿ, ಹರಕೆಯಲ್ಲಿ ಪಾಲು ಹೊತ್ತವನು. ವಾಸ ಆಮೇಲಿನ ಮಾತು.

ಜನ ಇಲ್ಲದಿದ್ದರೂ ಊರು ಊರಾಗಿರಬಲ್ಲದೇ? ಈ ಪ್ರಶ್ನೆಯನ್ನು ಜನಪದ ಧರ್ಮ ಮಾತಿನಲ್ಲಿ ಚರ್ಚಿಸದೆ ಆಚರಣೆಯಲ್ಲೇ ಎತ್ತಿಕೊಂಡಿದೆ. ಮಧ್ಯ ಕರ್ನಾಟಕದ ಚಿತ್ರದುರ್ಗ, ದಾವಣಗೆರೆ ಕಡೆ ಹೊರಬೀಡು ಎಂಬುದೊಂದಿದೆ. ರೋಗರುಜಿನ ಬಂದಾಗ, ಮಳೆ ಹೋದಾಗ, ಇಲ್ಲವೇ ಇಷ್ಟು ವರ್ಷಕ್ಕೊಮ್ಮೆ ಎಂಬ ಕಟ್ಟಳೆಯಂತೆ, ಇಡೀ ಊರು ಬೆಳಗಾಗುವ ಹೊತ್ತಿಗೆ ಮನೆ ಬಿಡುತ್ತದೆ. ದನಕರು, ಕೋಳಿ, ಮುದುಕರು, ಕೂಸುಗಳು ಎಲ್ಲರೂ ಊರ ಗಡಿಯಾಚೆಯ ಹೊಲಗಳಿಗೆ ಹೋಗುತ್ತಾರೆ. ಒಳಗೆ ಯಾರೂ ನುಸುಳದಂತೆ ದಾರಿಗೆ ಮುಳ್ಳು ಬೇಲಿ ಬೀಳುತ್ತದೆ. ಅಡುಗೆ, ಊಟ ಎಲ್ಲ ಮರದಡಿ. ಸಂಜೆ ಪೂಜೆ ಮಾಡಿ ಮತ್ತೆ ಒಳಗೆ ಬಂದು ದೀಪ ಹಚ್ಚುತ್ತಾರೆ. ಆ ಒಂದು ಹಗಲು ಊರಿನ ಜನಸಂಖ್ಯೆ ಸೊನ್ನೆ. ಆದರೂ ಊರು ಸತ್ತಿತೆಂದು ಯಾರೂ ಭಾವಿಸುವುದಿಲ್ಲ. ದೇವತೆಯ ವಶಕ್ಕೆ ಬಿಟ್ಟುಕೊಟ್ಟ ಜಾಗ ಅದು, ಮರಳಿ ಪಡೆಯಬೇಕಾದದ್ದು. ನೆಲ ನಮ್ಮ ಸ್ವತ್ತಲ್ಲ, ಇರಲು ಅಪ್ಪಣೆಯಷ್ಟೇ ನಮಗಿದೆ ಎಂಬ ಈ ತಿಳಿವಳಿಕೆ ಯಾವ ದರ್ಶನಗ್ರಂಥಕ್ಕೂ ಕಡಿಮೆಯದಲ್ಲ.

ಮಳಖೇಡದ ಕಥೆ ಇದೇ ಪ್ರಶ್ನೆಯನ್ನು ಸಾವಿರ ವರ್ಷಕ್ಕೆ ಹಿಗ್ಗಿಸಿದಂತಿದೆ. ಕಾಗಿಣೆಯ ದಂಡೆಯ ಈ ಹಳ್ಳಿ ಒಮ್ಮೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು, ಅವನ ಕಾಲದಲ್ಲೇ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. 851ರ ಒಂದು ಅರಬ್ ವೃತ್ತಾಂತ ಇಲ್ಲಿಯ ದೊರೆಯನ್ನು ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ ಸೇರಿಸಿತು. 972ರಲ್ಲಿ ಪರಮಾರ ಸೀಯಕನ ದಂಡು ಬಂದು ಪಟ್ಟಣವನ್ನು ಸುಲಿಯಿತು. ಅಲ್ಲಿಂದಾಚೆ ರಾಜಧಾನಿಯ ಜನ ಚದುರಿದರು. ಇಂದು ಅಲ್ಲಿರುವುದು ಕಪ್ಪು ಮಣ್ಣಿನ ತೊಗರಿ ಹೊಲಗಳ ನಡುವೆ, ಸುಣ್ಣಕಲ್ಲಿನ ಪದರದ ಮೇಲೆ ಕೂತ ಹಳ್ಳಿ. ಅದೇ ಸುಣ್ಣಕಲ್ಲು ಸಿಮೆಂಟು ಕಾರ್ಖಾನೆಯನ್ನು ಪಕ್ಕಕ್ಕೆ ತಂದಿದೆ.

ಆದರೆ ಯಾತ್ರಿಕರ ಪಾಲಿಗೆ ಮಳಖೇಡ ಎಂದೂ ಸಣ್ಣದಾಗಲಿಲ್ಲ. ಜೈನರಿಗೆ ಅಲ್ಲಿ ನೇಮಿನಾಥ ಬಸದಿ ಇದೆ. ಮಾಧ್ವರಲ್ಲಿ ಉತ್ತರಾದಿ ಮಠದವರಿಗೆ ಅದು ನ್ಯಾಯಸುಧಾ ಬರೆದ ಜಯತೀರ್ಥರ ಮೂಲ ವೃಂದಾವನದ ನೆಲ. ಆಷಾಢ ಬಹುಳ ಪಂಚಮಿಯ ಆರಾಧನೆಗೆ ದೂರದೂರದಿಂದ ಜನ ಬರುತ್ತಾರೆ. ಆ ವೃಂದಾವನ ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿದೆ ಎನ್ನುವ ಮಾಧ್ವರೂ ಇದ್ದಾರೆ. ಮಠಗಳ ನಡುವೆ ವಾದ ನಡೆದಿದೆ. ಎರಡು ಪಕ್ಷಗಳೂ ಒಪ್ಪುವ ಒಂದು ಸಂಗತಿ ಮಾತ್ರ ಗಮನಿಸಬೇಕಾದದ್ದು: ಗುರುವಿಗೆ ಒಂದು ನೆಲ ಬೇಕು, ಆ ನೆಲ ಗೊತ್ತಾಗಬೇಕು. ಜ್ಞಾನಿಗೆ ದೇಶಕಾಲದ ಹಂಗಿಲ್ಲ ಎಂದು ಬೋಧಿಸಿದರೂ, ಭಕ್ತಿ ಒಂದು ಗೊತ್ತಾದ ಹೊಳೆದಂಡೆಯನ್ನು ಹುಡುಕುತ್ತದೆ.

ಇದಕ್ಕೆ ಎದುರು ದಾರಿ ಹಿಡಿದವರು ಶರಣರು. 12ನೆಯ ಶತಮಾನದ ಕಲ್ಯಾಣ ಇರುವುದೂ ಇದೇ ಸೀಮೆಯಲ್ಲಿ, ಬೀದರ್ ಜಿಲ್ಲೆಯಲ್ಲಿ. ನಿಂತ ಗುಡಿಯಿಂದ ದೇವರನ್ನು ಬಿಡಿಸಿ ಅಂಗೈಯ ಇಷ್ಟಲಿಂಗದಲ್ಲಿ ಇಟ್ಟ ಅವರು, ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿತನ ಕೊಟ್ಟರು. ಗುಳೆ ಹೋಗುವವನಿಗೆ ಇದಕ್ಕಿಂತ ಹತ್ತಿರದ ಧರ್ಮ ಇನ್ನೊಂದಿಲ್ಲ. ಸನತ್‌ನಗರದ ತಗಡಿನ ಶೆಡ್ಡಿನಲ್ಲಿ ಮುಂಜಾನೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತವನಿಗೆ ಊರು ದೂರವಾದ ಕೊರತೆ ಪೂಜೆಯಲ್ಲಿ ಇಲ್ಲ. ಆದರೂ ಅದೇ ಮನುಷ್ಯ ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನಕ್ಕೆ ಕಲಬುರಗಿಯ ಶರಣಬಸವೇಶ್ವರರ ತೇರಿಗೆ ರಜೆ ಕೇಳುತ್ತಾನೆ. ಜಂಗಮ ತತ್ತ್ವವನ್ನು ಒಪ್ಪಿಕೊಂಡವರೂ ಸ್ಥಾವರದ ಸೆಳೆತದಿಂದ ಪೂರ್ತಿ ಬಿಡಿಸಿಕೊಂಡಿಲ್ಲ. ಇದನ್ನು ಭಕ್ತರ ದೌರ್ಬಲ್ಯ ಎಂದು ಓದುವುದು ಅನ್ಯಾಯ. ದೇವರು ಎಲ್ಲೆಲ್ಲೂ ಇರಬಹುದು. ತನ್ನನ್ನು ಹೆಸರು ಹಿಡಿದು ಕರೆಯುವ ಜನ ಎಲ್ಲೆಲ್ಲೂ ಇರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ತೇರಿನ ಹಗ್ಗ ಮುಟ್ಟುವಂತಿರಲಿಲ್ಲ. ಹಳ್ಳಿಯ ಭೂಗೋಳದಲ್ಲಿ ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಬಾವಿ ಬೇರೆ, ದಾರಿ ಬೇರೆ, ಎಷ್ಟೋ ಕಡೆ ಸುಡುಗಾಡೂ ಬೇರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಬಗೆಗಿನ ಮೋಹವನ್ನು ಕಟುವಾಗಿ ತಳ್ಳಿಹಾಕಿ, ಕರಡು ಸಂವಿಧಾನ ವ್ಯಕ್ತಿಯನ್ನು ಘಟಕವಾಗಿ ಇಟ್ಟುಕೊಂಡದ್ದಕ್ಕೆ ಸಂತೋಷಪಟ್ಟರು. ಕೇರಿಯಿಂದ ಗುಳೆ ಬಂದವಳಿಗೆ ಸನತ್‌ನಗರದ ನಲ್ಲಿಯ ಸಾಲು ಬರೀ ಸಾಲು. ಅವಳ ಕೊಡ ಯಾರದೋ ಕೊಡಕ್ಕೆ ತಾಗಿದರೆ ಜಗಳ ಆಗಬಹುದು, ಆದರೆ ಅದು ಸರದಿಯ ಜಗಳ. ಅವಳೂ ಊರ ಹೆಸರು ಹೇಳುತ್ತಾಳೆ, ಜಾತ್ರೆಗೆ ಹೋಗುತ್ತಾಳೆ. ಅವಳಿಗೆ ಆ ಊರು ಏನು ಕೊಟ್ಟಿತು, ಅವಳಿಂದ ಏನು ಪಡೆಯಿತು ಎಂದು ಲೆಕ್ಕ ಹಾಕದೆ ಊರಿನ ಪಾವಿತ್ರ್ಯದ ಮಾತು ಆಡುವ ಹಕ್ಕು ಯಾರಿಗೂ ಇಲ್ಲ. ಪಾಲು ಹೊರುವವರೇ ಊರಿನವರು ಎಂಬುದು ಧರ್ಮವಾದರೆ, ಪಾಲು ಹೊತ್ತವರೆಲ್ಲರಿಗೂ ಗುಡಿಯ ಒಳಗೆ, ಹಗ್ಗದ ಮುಂದೆ ಜಾಗ ಸಿಗಲೇಬೇಕು.

2011ರ ಗಣತಿ ದೇಶದ ಸುಮಾರು 6.4 ಲಕ್ಷ ಹಳ್ಳಿಗಳಲ್ಲಿ 40 ಸಾವಿರಕ್ಕೂ ಹೆಚ್ಚನ್ನು ಜನವಸತಿ ಇಲ್ಲದವು ಎಂದು ಗುರುತಿಸಿತು. ಕರ್ನಾಟಕದಲ್ಲಿ ಅಂಥವು ಸುಮಾರು ಎರಡು ಸಾವಿರ. ಕಂದಾಯ ದಾಖಲೆಯಲ್ಲಿ ಅವು ಬೇಚಿರಾಕ್ ಗ್ರಾಮಗಳು: ಸರ್ವೆ ನಂಬರು ಇದೆ, ಗಡಿಕಲ್ಲು ಇದೆ, ಉಳುವ ಹೊಲ ಇದೆ, ಒಲೆ ಹೊತ್ತುವ ಮನೆ ಇಲ್ಲ. ಬರ, ಪ್ಲೇಗು, ನೀರಿನ ಕೊರತೆ, ದರೋಡೆಯ ಭಯ ಎಂದು ಒಂದೊಂದಕ್ಕೂ ಒಂದೊಂದು ಕಾರಣ ಹೇಳುತ್ತಾರೆ. ಅವುಗಳಲ್ಲಿ ಎಷ್ಟೋ ಕಡೆ ಹಾಳು ಊರಿನ ನಡುವೆ ಹಣಮಂದೇವರ ಗುಡಿಗೆ ಮಾತ್ರ ಸುಣ್ಣ ಬಳಿದಿರುತ್ತದೆ. ನೆರೆಯ ಊರಿಗೆ ಹೋಗಿ ನೆಲೆಸಿದವರ ಮೊಮ್ಮಕ್ಕಳು ಶ್ರಾವಣದಲ್ಲಿ ಬಂದು ಎಣ್ಣೆ ಹಾಕಿ ಹೋಗುತ್ತಾರೆ.

ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಸರ್ಕಾರ ಪ್ರಕಟಿಸಿದೆ. ಮತ್ತೆ ಫೆಬ್ರವರಿಯ ಎಣಿಕೆ, ಮತ್ತೆ ಗುಳೆಯ ಕಾಲ. ಜನ ತೇರಿಗೆ ಮರಳುವ ಹೋಳಿ ಆ ವರ್ಷ ಬರುವುದು ಅದಾದ ಮೂರು ವಾರಕ್ಕೆ. ಸೇಡಂ ಕಡೆಯ ಹಳ್ಳಿಗಳ ಪಂಚಾಯಿತಿಗಳು ತಮ್ಮ ಜಾತ್ರೆಯ ಪಟ್ಟಿಯನ್ನು ಗಣತಿಯ ಅಂಕಿಯ ಪಕ್ಕದಲ್ಲಿಟ್ಟು ಒಮ್ಮೆ ಓದಿಕೊಂಡರೆ, ಯಾವ ಮನೆಗೆ ಏಕೆ ಬೀಗ ಬಿದ್ದಿದೆ, ಕೇರಿಯ ಎಷ್ಟು ಹೆಸರು ಹಣ ಕೊಡುವ ಕಡೆ ಮಾತ್ರ ಇವೆ ಎಂಬುದು ಅವರಿಗೆ ತಮ್ಮ ಅಕ್ಷರದಲ್ಲೇ ಕಾಣಸಿಗುತ್ತದೆ.