ಆತಿಥ್ಯವೂ ಸ್ವಾಮ್ಯವೂ

ಸ್ವಂತ ಮನೆಯಿಲ್ಲದವನು ಅತಿಥಿಯನ್ನು ಸತ್ಕರಿಸಬಲ್ಲನೇ? ಈ ಪ್ರಶ್ನೆಯು ಪಾಠಶಾಲೆಯ ಹುಡುಗರು ಅನಧ್ಯಯನದ ದಿನ ಕಾಲಹರಣಕ್ಕಾಗಿ ಎತ್ತುವ ಶುಷ್ಕ ವಾದದಂತೆ ತೋರಬಹುದು. ಆದರೆ ಬೆಳಗಾವಿಯ ಮಗ್ಗುಲಲ್ಲಿಯೇ, ಖಾನಾಪುರ ತಾಲೂಕಿನ ಅಡವಿಯೊಳಗೆ, ಕೆಲವು ಹಳ್ಳಿಗಳ ಜನರ ಬಾಳುವೆಯು ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆ ನಿಂತಿರುವುದರಿಂದ, ವಾಚಕರು ತುಸು ಸೈರಣೆಯಿಂದ ಕೇಳಬೇಕೆಂದು ಪ್ರಾರ್ಥನೆ.

ಈಗ ಸುಶಿಕ್ಷಿತರ ಮನೆಗಳಲ್ಲಿ ರಜೆ ಬಂದಿತೆಂದರೆ ಅರಣ್ಯವಾಸದ ಮಾತು ಹೊರಡುವುದು. ಹಿಂದಿನವರು ವನಕ್ಕೆ ಹೋಗುತ್ತಿದ್ದುದು ವಾನಪ್ರಸ್ಥಕ್ಕಾಗಿ, ಇಲ್ಲವೆ ಜೂಜಿನಲ್ಲಿ ಸೋತು. ಇಂದಿನವರು ಹಣ ತೆತ್ತು ಹೋಗುತ್ತಾರೆ. ಇದರಲ್ಲಿ ನಿಂದ್ಯವಾದುದೇನೂ ಇಲ್ಲ. ಪುಸ್ತಕದಲ್ಲಿ ಮಾತ್ರ ಕಂಡ ಕಾಡುಕೋಣವನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಲಿ. ಇಂತಹ ಪ್ರವಾಸಿಗರಿಗಾಗಿ ಕರ್ನಾಟಕ ಸರಕಾರವು 1980ರಲ್ಲಿ ಜಂಗಲ್ ಲಾಡ್ಜಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಕಬಿನಿಯ ತೀರದಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿಯೂ ಅದರ ವಸತಿಗೃಹಗಳುಂಟು. ನಮ್ಮ ಹೆಮ್ಮಡಗದಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿರುವುದು. ಬಿಳಿಗಿರಿಯ ಮೂಲನಿವಾಸಿಗಳಾದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಸಾಮುದಾಯಿಕ ಹಕ್ಕುಗಳು ದೊರೆತವು. ಜೇನು, ನೆಲ್ಲಿಕಾಯಿ ಮೊದಲಾದ ವನೋತ್ಪನ್ನಗಳು ಅವರವು ಎಂದಾಯಿತು. ಆದರೆ ಆ ಬೆಟ್ಟಕ್ಕೆ ಬಂದವರು ಇಳಿದುಕೊಳ್ಳುವ ಸರಕಾರದ ಮನೆಯು ಸೋಲಿಗರದಲ್ಲ. ಅವರು ಅಲ್ಲಿ ದುಡಿಯಬಹುದು, ದಾರಿ ತೋರಿಸಬಹುದು. “ನಮ್ಮ ಮನೆಗೆ ಬನ್ನಿ” ಎನ್ನಲಾರರು.

ಇದಕ್ಕೆ ಪ್ರತಿಯಾಗಿ ದೂರದ ದೃಷ್ಟಾಂತವೊಂದನ್ನು ಕೊಡುವೆನು. ದಕ್ಷಿಣ ಆಫ್ರಿಕಾ ದೇಶದ ಉತ್ತರಕ್ಕೆ ಕಾಲಹಾರಿ ಎಂಬ ಮರುಭೂಮಿಯಿದೆ. 1931ರಲ್ಲಿ ಅಲ್ಲಿಯ ಸರಕಾರವು ವನ್ಯಮೃಗಗಳಿಗಾಗಿ ರಾಷ್ಟ್ರೀಯ ಉದ್ಯಾನವನ್ನು ಏರ್ಪಡಿಸಿತು. ತಲೆತಲಾಂತರದಿಂದ ಆ ಮರಳಿನಲ್ಲಿ ಬೇಟೆಯಾಡಿ ಬದುಕಿದ್ದ ಸಾನ್ ಜನರು ಕ್ರಮೇಣ ಹೊರಗೆ ಹಾಕಲ್ಪಟ್ಟರು. ವರ್ಣಭೇದದ ಆಳಿಕೆಯು ಮುಗಿದ ತರುವಾಯ, 1999ರಲ್ಲಿ, ಖೋಮಾನಿ ಸಾನ್ ಎಂಬ ಪಂಗಡಕ್ಕೂ ನೆರೆಯ ಮಿಯರ್ ಜನರಿಗೂ ಉದ್ಯಾನದೊಳಗಿನ ಭೂಮಿಯು ಮರಳಿ ದೊರೆಯಿತು. 2007ರಲ್ಲಿ ಅಲ್ಲಿಯ ಉಪ್ಪುನೆಲವೊಂದರ ಅಂಚಿಗೆ, ಮರಳ ದಿಬ್ಬದ ಮೇಲೆ, ಹನ್ನೆರಡು ಗುಡಿಸಲುಗಳ ಅತಿಥಿಗೃಹವು ತೆರೆಯಿತು. ಆ ಎರಡು ಸಮುದಾಯಗಳೇ ಅದರ ಒಡೆಯರು. ಅದರ ಹೆಸರು ಖಾವ್ಸ್, ಅಂದರೆ ಹೃದಯ. ಆದರೆ ನಾನು ಬರೆದುದು ಸರಿಯಾದ ಉಚ್ಚಾರವಲ್ಲ. ಮೊದಲಿಗೆ ನಾಲಗೆಯನ್ನು ಅಂಗುಳಿನಿಂದ ಟಕ್ಕೆಂದು ಕಿತ್ತು ಮಾಡುವ ಧ್ವನಿಯೊಂದುಂಟು. ನಮ್ಮ ಶಿಕ್ಷಾಕಾರರು ವರ್ಣೋತ್ಪತ್ತಿಯನ್ನು ಅಷ್ಟು ಸೂಕ್ಷ್ಮವಾಗಿ ವಿಚಾರಿಸಿದರೂ ಈ ವರ್ಣಕ್ಕೆ ಸ್ಥಾನ ಕೊಟ್ಟಿಲ್ಲ. ಎತ್ತನ್ನು ಹೊಡೆಯುವ ನಮ್ಮ ಒಕ್ಕಲಿಗನಿಗೆ ಮಾತ್ರ ಅದು ಚೆನ್ನಾಗಿ ಬರುತ್ತದೆ.

ಅಲ್ಲಿ ಎಲ್ಲವೂ ಸುಖವೆಂದು ನಾನು ಹೇಳುವುದಿಲ್ಲ. ಆ ಮನೆಯನ್ನು ಕಟ್ಟಿದ ಹಣ ಸರಕಾರದ್ದು, ದಿನದಿನದ ಆಡಳಿತವನ್ನು ನೋಡಿದ್ದು ಹೊರಗಿನ ಕಂಪನಿ. ಆದರೂ ಒಂದು ಕಾಲಕ್ಕೆ ಬೇಲಿಯ ಹೊರಗೆ ನಿಂತವನು ಈಗ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಾನೆ. ಈ ವ್ಯತ್ಯಾಸವು ಕೇವಲ ಹಣದ್ದೇ, ಅಥವಾ ಅದಕ್ಕೂ ಮಿಗಿಲಾದುದೇ?

ಕಠೋಪನಿಷತ್ತಿನ ಕಥೆಯನ್ನು ಎಲ್ಲರೂ ಬಲ್ಲರು. ನಚಿಕೇತನು ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸ ಬಿದ್ದನು, ಏಕೆಂದರೆ ಯಮನು ಊರಲ್ಲಿರಲಿಲ್ಲ. ಹಾಗಾದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ? ಮರಳಿ ಬಂದ ಯಮನಿಗೆ ಅವನ ಅಮಾತ್ಯರೋ ಭಾರ್ಯೆಯರೋ ತಿಳಿಹೇಳಿದರೆಂದು ಶಂಕರರು ಭಾಷ್ಯದಲ್ಲಿ ಹೇಳುತ್ತಾರೆ. ಅಂದಮೇಲೆ ಜನರಿದ್ದರು, ಕನಿಕರವೂ ಇದ್ದಿರಬೇಕು. ಆದರೆ ಹುಡುಗನಿಗೆ ಅರ್ಘ್ಯಪಾದ್ಯಗಳು ಸಂದದ್ದು ಯಜಮಾನನು ಬಂದ ಮೇಲೆಯೇ. ಶಾಕುಂತಲದಲ್ಲಿ ಇದಕ್ಕೆ ವಿಪರೀತವಾದ ವ್ಯವಸ್ಥೆಯಿದೆ. ಕಣ್ವರೂ ಊರಲ್ಲಿಲ್ಲ, ಸೋಮತೀರ್ಥಕ್ಕೆ ಹೋಗಿದ್ದಾರೆ. ಆದರೆ ಹೋಗುವಾಗ ಅತಿಥಿಸತ್ಕಾರದ ಅಧಿಕಾರವನ್ನು ಮಗಳಿಗೆ ವಹಿಸಿದ್ದಾರೆ. ಆದ್ದರಿಂದಲೇ ದುರ್ವಾಸರ ಶಾಪವು ಶಕುಂತಲೆಗೆ ತಟ್ಟಿತು. ಸೇವಕಿಯಾಗಿದ್ದರೆ ಬೈಗಳು ಮಾತ್ರ ಸಿಗುತ್ತಿತ್ತು, ಶಾಪ ತಟ್ಟುತ್ತಿರಲಿಲ್ಲ. ಯಾವನಿಗೆ ಸತ್ಕರಿಸದೆ ಇರುವ ಸ್ವಾತಂತ್ರ್ಯವುಂಟೋ, ಸತ್ಕರಿಸದಿದ್ದುದಕ್ಕೆ ದೋಷವು ಯಾವನಿಗೆ ತಗಲುವುದೋ ಅವನೇ ಆತಿಥೇಯನು. ಅದೇ ನಾಟಕದ ಮೊದಲಂಕದಲ್ಲಿ ಇನ್ನೊಂದು ಸಂಗತಿಯನ್ನು ನೋಡಿರಿ. ಭೂಮಿಯೆಲ್ಲ ದುಷ್ಯಂತನದೇ, ಆದರೂ ತಪೋವನವನ್ನು ಹೊಗುವಾಗ ಅವನು ಆಭರಣಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗಿತ್ತು ವಿನೀತವೇಷದಿಂದ ಕಾಲಿಡುತ್ತಾನೆ. ಒಡೆತನವು ಬೇರೆ, ಮನೆತನವು ಬೇರೆ ಎಂಬುದು ಆ ಅರಸನಿಗೆ ಗೊತ್ತಿತ್ತು.

ಹಣ ತೆಗೆದುಕೊಂಡ ಮೇಲೆ ಅದು ಆತಿಥ್ಯವೇ ಅಲ್ಲ, ವ್ಯಾಪಾರ ಎಂದು ಕೆಲವರು ಆಕ್ಷೇಪಿಸುವರು. ಬೆಳಗಾವಿಯ ಖಾನಾವಳಿಗಳಲ್ಲಿ ಉಂಡವರು ಈ ಆಕ್ಷೇಪವನ್ನು ಮಾಡಲಾರರು. ಅಲ್ಲಿ ತಿಂಗಳ ಲೆಕ್ಕಕ್ಕೆ ಉಂಡ ಪರವೂರ ವಿದ್ಯಾರ್ಥಿಗಳೆಷ್ಟೋ ಮಂದಿ! ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ತನ್ನ ಸ್ವಂತ ಒಲೆಯ ಮೇಲೆ ರೊಟ್ಟಿ ಬಡಿದು, “ಇನ್ನೊಂದು ಹಾಕಲೇನಪ್ಪಾ” ಎಂದು ಕೇಳುವಾಗ ಆ ಮಾತಿಗೆ ಬೆಲೆ ಕಟ್ಟಿದವರಾರು? ಅದೇ ತಾಯಿಯು ದೊಡ್ಡ ಹೋಟೆಲಿನಲ್ಲಿ ಸಂಬಳಕ್ಕೆ ನಿಂತರೆ, ಮತ್ತೊಂದು ರೊಟ್ಟಿ ಹಾಕುವುದಕ್ಕೆ ಮ್ಯಾನೇಜರನ ಮುಖವನ್ನು ನೋಡಬೇಕಾಗುವುದು. ಹಣವು ಆತಿಥ್ಯವನ್ನು ಕೆಡಿಸುವುದಿಲ್ಲ; ಪರಾಧೀನತೆಯು ಕೆಡಿಸುತ್ತದೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಸಮುದಾಯದ ಸೊತ್ತೆಂದರೆ ಪಂಚರ ಸೊತ್ತು, ಪಂಚರ ಸೊತ್ತೆಂದರೆ ಇಬ್ಬರು ಬಲಿಷ್ಠರ ಸೊತ್ತು ಎಂದು ಹಳ್ಳಿಗಳನ್ನು ಬಲ್ಲವರು ನಗುವರು. ಗುಡಿಯ ಹೊಲಗಳ ಗತಿಯನ್ನು ನೋಡಿದವನಾದ ನಾನು ಇದನ್ನು ಅಲ್ಲಗಳೆಯಲಾರೆ. ಅಲ್ಲದೆ ಪ್ರವಾಸಿಗರ ಮುಂದೆ ತಮ್ಮ ಕುಣಿತವನ್ನೂ ದೇವರನ್ನೂ ಪ್ರತಿ ಸಾಯಂಕಾಲ ಪ್ರದರ್ಶನಕ್ಕಿಡುವ ದುರವಸ್ಥೆಯು ಒಡೆಯರಿಗೂ ಬರಬಹುದು. ಆದರೆ ಒಡೆಯನು ಕೆಡುವುದು ತನ್ನ ಕೈಯಿಂದ. ಅವನನ್ನು ಅವನ ಊರವರೇ ಪ್ರಶ್ನಿಸಬಹುದು. ದೂರದ ಕಚೇರಿಯನ್ನು ಯಾರು ಪ್ರಶ್ನಿಸುವರು?

ಇನ್ನು ನಮ್ಮ ಅಡವಿಗೆ ಬರೋಣ. 2011ರ ಡಿಸೆಂಬರದಲ್ಲಿ ಭೀಮಗಡವು ವನ್ಯಜೀವಿಧಾಮವೆಂದು ಘೋಷಿತವಾಯಿತು. ವಿಸ್ತಾರವು ಸುಮಾರು 190 ಚದರ ಕಿಲೋಮೀಟರು. ಮಹದಾಯಿಯು ಹುಟ್ಟುವುದು ಈ ಸೀಮೆಯಲ್ಲಿಯೇ. ಇಲ್ಲಿಯ ಬಾರಾಪೇಡೆ ಗವಿಯಲ್ಲಿರುವ ಬಾವಲಿಯ ಜಾತಿಯೊಂದನ್ನು 1913ರಲ್ಲಿ ಶಾಸ್ತ್ರಜ್ಞರು ಹೆಸರಿಟ್ಟು ವರ್ಣಿಸಿದರು. ಬಹುಕಾಲ ಅದು ಲೋಕದಲ್ಲಿ ಬೇರೆಲ್ಲಿಯೂ ಇಲ್ಲವೆಂದೇ ನಂಬಿದ್ದರು. ಆ ಬಾವಲಿಗೆ ಕತ್ತಲೆ ಬೇಕು, ಹುಲಿಗೆ ಏಕಾಂತ ಬೇಕು. ಈ ಧಾಮದೊಳಗೆ ಗವ್ವಾಳಿ, ಕೊಂಗಳಾ, ಕೃಷ್ಣಾಪುರ, ಆಮಗಾಂವ, ತಳೇವಾಡಿ ಮೊದಲಾದ ಊರುಗಳುಂಟು. ಮಳೆಗಾಲದಲ್ಲಿ ಹಳ್ಳಗಳು ಏರಿದರೆ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕು. ಕಾಡಿನ ಹೆಸರಿನಲ್ಲಿ ರಸ್ತೆಯಾಗಲಿಲ್ಲ, ಸೇತುವೆಯಾಗಲಿಲ್ಲ. 2025ರಲ್ಲಿ ತಳೇವಾಡಿಯ 27 ಕುಟುಂಬಗಳು ಊರು ಬಿಡುವುದಕ್ಕೆ ಒಪ್ಪಿ ಪರಿಹಾರದ ಮೊದಲ ಕಂತನ್ನು ಪಡೆದವು. ಕುಟುಂಬಕ್ಕೆ ಒಟ್ಟು 15 ಲಕ್ಷ ರೂಪಾಯಿಗಳೆಂದು ನಿಶ್ಚಯವಾಗಿತ್ತು.

ಅವರು ಒಪ್ಪಿದ್ದು ತಪ್ಪೆಂದು, ನಗರದಲ್ಲಿ ದೀಪದ ಕೆಳಗೆ ಕುಳಿತು ಬರೆಯುವ ನಾನು ಹೇಳಿದರೆ ನನ್ನಂತಹ ನಿರ್ದಯಿಯು ಬೇರೊಬ್ಬನಿಲ್ಲ. ಮಕ್ಕಳಿಗೆ ಶಾಲೆ ಬೇಕು, ಬಸುರಿಗೆ ದವಾಖಾನೆ ಬೇಕು. ನಮ್ಮ ರಜೆಯ ಸೊಗಸಿಗಾಗಿ ಅವರು ಕಾಡಿನಲ್ಲಿಯೇ ಉಳಿಯಲೆಂಬುದು ಅನ್ಯಾಯದ ಇನ್ನೊಂದು ಮುಖವಷ್ಟೆ. ಆದರೆ ಸಮ್ಮತಿಯೆಂಬ ಶಬ್ದವನ್ನು ಪರೀಕ್ಷಿಸಬೇಕು. ಹಸಿದವನ ಮುಂದೆ ಒಂದೇ ಎಲೆಯನ್ನು ಹಾಕಿ, “ನಿನಗೆ ಬೇಕಾದುದನ್ನು ಆರಿಸಿಕೋ” ಎಂದರೆ ಅವನು ಉಣ್ಣುವನು, ಆರಿಸಿದನೆನ್ನಬಹುದೇ? ಮೇಲೆ ಹೇಳಿದ 2006ರ ಕಾಯಿದೆಯು ಅರಣ್ಯವಾಸಿಯ ಸಮ್ಮತಿಯನ್ನು ಕೇಳುತ್ತದೆ, ಸರಿ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವನು ಹಕ್ಕು ಬೇಡಿದರೆ ಮೂರು ತಲೆಮಾರುಗಳ ವಾಸವನ್ನು ಸಿದ್ಧಪಡಿಸಬೇಕೆಂದೂ ಅದೇ ಕಾಯಿದೆ ವಿಧಿಸುತ್ತದೆ. ದನಗಳ ಹಿಂದೆ ಅಲೆದ ಗೌಳಿಯ ಅಜ್ಜನು ಯಾವ ಕಾಗದವನ್ನು ಬರೆದಿಟ್ಟು ಹೋದನು?

ಒಳಗೆ ಉಳಿದ ಊರುಗಳ ಜನರಲ್ಲಿ ಹೋಗಬಯಸುವವರು ಹೋಗಲಿ, ಕೈತುಂಬ ಪರಿಹಾರವನ್ನು ಪಡೆಯಲಿ. ಆದರೆ ಅವರ ಮುಂದೆ ಎರಡನೆಯ ಎಲೆಯನ್ನೂ ಹಾಕಿ ಕೇಳಬೇಕು: ಕಾಲುದಾರಿಗೊಂದು ಸಂಕ, ಮಳೆಗಾಲಕ್ಕೆ ಒಬ್ಬ ವೈದ್ಯ, ಮತ್ತು ಬಂದವರನ್ನು ಇಳಿಸಿಕೊಳ್ಳುವುದಕ್ಕೆ ಅವರ ಹೆಸರಿನಲ್ಲಿಯೇ ನಾಲ್ಕು ಕೋಣೆಗಳು, ಎಷ್ಟು ಜನ ಬರಬೇಕು, ಯಾವ ತಿಂಗಳು ಯಾರೂ ಬರಬಾರದು ಎಂದು ನಿಶ್ಚಯಿಸುವ ಅಧಿಕಾರವೂ ಅವರದೇ. ಬಾವಲಿಯ ಗವಿಗೆ ಯಾರನ್ನು ಬಿಡಬಾರದೆಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹಾಗೆ ಕೇಳಿದ ಮೇಲೆಯೂ ಅವರು ಹೋಗುವೆವೆಂದರೆ ಅದು ಸಮ್ಮತಿ. ಕೇಳುವುದಾದರೆ ಮುಂದಿನ ಮಳೆ ಹಿಡಿಯುವ ಮೊದಲೇ ಕೇಳಬೇಕು; ಹಳ್ಳ ಏರಿದ ಮೇಲೆ ಆ ಊರುಗಳಿಗೆ ಕೇಳುವವರೂ ಹೋಗಲಾರರು.